ಶಿಲೆಯ ಹುಟ್ಟು, ಮನುಷ್ಯನ ಉಸಿರು

ಮನುಷ್ಯರ ಕುಲಗೋತ್ರವನ್ನು ವಿಚಾರಿಸುವುದು ಸಭ್ಯತೆಯಲ್ಲ. ಆದರೆ ಕಲ್ಲಿನ ಕುಲಗೋತ್ರವನ್ನು ವಿಚಾರಿಸದಿರುವುದು ಕೆಲವೊಮ್ಮೆ ಪ್ರಾಣಕ್ಕೇ ಎರವಾಗಬಹುದು. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಯಾವುದಾದರೊಂದು ಮನೆಯನ್ನು ಹೊಕ್ಕು ನೋಡಿದರೆ ಬಗೆಬಗೆಯ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಹಳೆಯ ಚಾಳಿನ ನೆಲಕ್ಕೆ ಶಹಾಬಾದಿ ಹಾಸುಗಲ್ಲು, ಅಡುಗೆಮನೆಯ ಕಟ್ಟೆಗೆ ನುಣುಪಾದ ಗ್ರಾನೈಟು, ದೇವರ ಪೀಠಕ್ಕೆ ಅಮೃತಶಿಲೆ. ಬಳಸುವವರಿಗೆ ಎಲ್ಲವೂ ಕಲ್ಲೇ. ಆದರೆ ಒಂದು ಬೆಂಕಿಯ ಮಗು, ಇನ್ನೊಂದು ನೀರಿನ ಮಗು, ಮತ್ತೊಂದು ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಮರುಹುಟ್ಟು ಪಡೆದದ್ದು. ಭೂವಿಜ್ಞಾನಿಗಳು ಸಮಸ್ತ ಶಿಲೆಗಳನ್ನೂ ಈ ಮೂರು ವರ್ಗಗಳಲ್ಲಿ ಅಡಗಿಸಿದ್ದಾರೆ: ಅಗ್ನಿಶಿಲೆ, ಪದರುಶಿಲೆ, ರೂಪಾಂತರ ಶಿಲೆ. ಈ ವಿಂಗಡಣೆಯು ಕೇವಲ ಪಾಠಶಾಲೆಯ ವಿಷಯವಲ್ಲ; ಕಲ್ಲನ್ನು ಒಡೆದು, ಕೊರೆದು ಬದುಕುವವರ ಶ್ವಾಸಕೋಶಗಳಿಗೂ ಇದಕ್ಕೂ ನಿಕಟ ಸಂಬಂಧವಿದೆ.

ಬೆಂಕಿಯಿಂದ ಹುಟ್ಟಿದ ಕಲ್ಲು

ಭೂಗರ್ಭದಲ್ಲಿ ಕರಗಿದ ಶಿಲಾರಸವು ತಣಿದು ಗಟ್ಟಿಯಾದಾಗ ಅಗ್ನಿಶಿಲೆ ಹುಟ್ಟುತ್ತದೆ. ಸಕ್ಕರೆಯ ಪಾಕವನ್ನು ಬಹುಕಾಲ ಅಲುಗಿಸದೆ ಇಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆಯಾಗುತ್ತದೆ. ಬೇಗನೆ ಆರಿಸಿದರೆ ಹರಳು ಸಣ್ಣದಾಗುತ್ತದೆ. ಶಿಲಾರಸದ ರೀತಿಯೂ ಇಂಥದೇ. ಆಳದಲ್ಲಿ ಲಕ್ಷಾಂತರ ವರ್ಷ ನಿಧಾನವಾಗಿ ತಣಿದುದು ದಪ್ಪ ಹರಳುಗಳ ಗ್ರಾನೈಟ್ ಆಯಿತು. ಭೂಮಿಯ ಮೇಲೆ ಹರಿದು ಬೇಗ ತಣಿದುದು ಕಣ್ಣಿಗೆ ಹರಳೇ ಕಾಣದ ಕಪ್ಪು ಬಸಾಲ್ಟ್ ಆಯಿತು.

ಮುಂಬಯಿ ನಗರವು ಬಹುಮಟ್ಟಿಗೆ ನಿಂತಿರುವುದು ಈ ಬಸಾಲ್ಟಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ಲಾವಾರಸವು ಪದರ ಮೇಲೆ ಪದರವಾಗಿ ಹರಿಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರುಗಳಷ್ಟು ನೆಲವನ್ನು ಆವರಿಸಿದೆ. ಅಂಧೇರಿಯ ಗಿಲ್ಬರ್ಟ್ ಗುಡ್ಡದ ಕಂಬಗಳಂಥ ಕಡಿದಾದ ಬಂಡೆ ಆ ಕಾಲದ ಅಗ್ನಿಲೀಲೆಯ ಗುರುತು. ಎಲಿಫೆಂಟಾದ ಮಹೇಶಮೂರ್ತಿಯನ್ನು ಕಡೆದುದೂ ಇದೇ ಶಿಲೆಯಲ್ಲಿ. ಇದರ ಹರವು ದಕ್ಷಿಣಕ್ಕೆ ಬೆಳಗಾವಿ, ವಿಜಯಪುರ, ಬೀದರುಗಳವರೆಗೂ ಹಬ್ಬಿದೆ. ಗೋಲಗುಮ್ಮಟವನ್ನು ಕಟ್ಟಿದುದು ಈ ಕರಿಗಲ್ಲಿನಿಂದ. ಅಲ್ಲಿಯ ಜೋಳದ ಹೊಲಗಳ ಎರೆಮಣ್ಣು ಈ ಕಲ್ಲೇ ಕರಗಿ ಆದ ಮಣ್ಣು. ವಿಜಯಪುರದಿಂದ ಮುಂಬಯಿಗೆ ಬಂದವರು ಊರು ಬಿಟ್ಟರೂ ಊರಿನ ಕಲ್ಲನ್ನು ಬಿಟ್ಟು ಬಂದಿಲ್ಲವೆನ್ನಬಹುದು.

ಗ್ರಾನೈಟಿನ ಉತ್ತಮ ನಿದರ್ಶನ ರಾಮನಗರದ ಬೆಟ್ಟಗಳು. 1975ರ ‘ಶೋಲೆ’ ಚಿತ್ರದಲ್ಲಿ ಗಬ್ಬರಸಿಂಗನ ಬೀಡಾಗಿ ದೇಶವೆಲ್ಲ ಕಂಡ ಆ ಹೆಬ್ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನದಲ್ಲಿ ಆ ಶಿಲೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಪ್ರಸಿದ್ಧವಾಗಿದೆ.

ಗ್ರಾನೈಟ್ ಬೆಂಕಿಯಿಂದ ಹುಟ್ಟಿತೆಂಬುದನ್ನು ಪಂಡಿತರು ಸುಲಭವಾಗಿ ಒಪ್ಪಲಿಲ್ಲ. ಆದಿಸಮುದ್ರದ ನೀರಿನಿಂದಲೇ ಅದು ಮಡ್ಡಿಗಟ್ಟಿತೆಂದು ಜರ್ಮನಿಯ ವೆರ್ನರ್ ಬೋಧಿಸುತ್ತಿದ್ದನು. 1785ರಲ್ಲಿ ಸ್ಕಾಟ್ಲೆಂಡಿನ ಕಣಿವೆಯೊಂದರಲ್ಲಿ ಜೇಮ್ಸ್ ಹಟನ್ ಎಂಬಾತನು ಗ್ರಾನೈಟಿನ ಎಳೆಗಳು ಬೇರೆ ಶಿಲೆಗಳನ್ನು ಸೀಳಿ ನುಗ್ಗಿರುವುದನ್ನು ಕಂಡು, ಅದು ಒಂದು ಕಾಲಕ್ಕೆ ದ್ರವವಾಗಿತ್ತೆಂದು ತೋರಿಸಿದನು.

ನೀರು ಹಾಸಿದ ಕಲ್ಲು

ಬಿಸಿಲು, ಮಳೆ, ಗಾಳಿಗಳು ಬೆಟ್ಟವನ್ನು ಸವೆಸುತ್ತವೆ. ಹೊಳೆಗಳು ಮರಳನ್ನೂ ಕೆಸರನ್ನೂ ತಗ್ಗಿಗೆ ಒಯ್ದು ಹಾಸುತ್ತವೆ. ಮೇಲಿನ ಭಾರದಿಂದ ಅವು ಬಿಗಿದು, ಸುಣ್ಣ ಮುಂತಾದ ಅಂಟುಗಳಿಂದ ಬೆಸೆದು ಪದರುಶಿಲೆಯಾಗುತ್ತವೆ. ಮರಳಿನಿಂದ ಮರಳುಗಲ್ಲು, ಕೆಸರಿನಿಂದ ಜೇಡಿಗಲ್ಲು, ಸಮುದ್ರತಳದ ಸುಣ್ಣದಿಂದ ಸುಣ್ಣಕಲ್ಲು. ಬಾದಾಮಿಯ ಕೆಂಪು ಬಂಡೆ ಮರಳುಗಲ್ಲು. ಅದನ್ನು ಕೊರೆದೇ ಚಾಲುಕ್ಯರು 6ನೆಯ ಶತಮಾನದಲ್ಲಿ ಗುಹಾಲಯಗಳನ್ನು ಮಾಡಿದರು. ಕಲಬುರಗಿ ಜಿಲ್ಲೆಯ ಶಹಾಬಾದಿ ಕಲ್ಲು ಸುಣ್ಣಕಲ್ಲು. ಪದರುಪದರಾಗಿ ಏಳುವುದರಿಂದಲೇ ಅದು ಹಾಸುಗಲ್ಲಿಗೆ ಒದಗಿತು. ಅದರ ಕುಲವನ್ನು ಗೃಹಿಣಿಯರೇ ಪರೀಕ್ಷಿಸಿ ನೋಡಬಹುದು: ನಿಂಬೆಹಣ್ಣಿನ ರಸ ಬಿದ್ದಲ್ಲಿ ಅದರ ಹೊಳಪು ಮಾಸುತ್ತದೆ. ಗ್ರಾನೈಟಿಗೆ ಹಾಗೆ ಆಗುವುದಿಲ್ಲ.

ಮರುಹುಟ್ಟು ಪಡೆದ ಕಲ್ಲು

ಹೀಗೆ ಹುಟ್ಟಿದ ಕಲ್ಲುಗಳು ಭೂಮಿಯ ಆಳಕ್ಕೆ ಸರಿದು, ಕರಗದೆಯೇ ಕಾವಿನಲ್ಲಿ ಬೆಂದು, ಒತ್ತಡದಲ್ಲಿ ಹಿಂಡಲ್ಪಟ್ಟಾಗ ಅವುಗಳ ಹರಳುಗಳು ಹೊಸದಾಗಿ ಜೋಡಣೆಗೊಳ್ಳುತ್ತವೆ. ಸುಣ್ಣಕಲ್ಲು ಅಮೃತಶಿಲೆಯಾಗುತ್ತದೆ, ಮರಳುಗಲ್ಲು ಕ್ವಾರ್ಟ್ಜೈಟ್ ಆಗುತ್ತದೆ. ದೆಹಲಿಯ ದಿಣ್ಣೆಗಳು ಈ ಕ್ವಾರ್ಟ್ಜೈಟಿನವು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆ; ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬೇಲೂರು, ಹಳೆಬೀಡುಗಳ ಬಳಪದ ಕಲ್ಲೂ ಇದೇ ವರ್ಗದ್ದು. ಅದು ಮೃದುವಾದುದರಿಂದಲೇ ಹೊಯ್ಸಳ ಶಿಲ್ಪಿಗಳ ಉಳಿಗೆ ಅಷ್ಟು ಸೂಕ್ಷ್ಮವಾಗಿ ಒಲಿಯಿತು.

ಬೆಣಚಿನ ಧೂಳು

ಈ ಕುಲಭೇದವು ಆರೋಗ್ಯದ ವಿಷಯವಾಗುವುದು ಕಲ್ಲು ಪುಡಿಯಾದಾಗ. ಮರಳಿನ ಮುಖ್ಯ ವಸ್ತುವಾದ ಬೆಣಚುಕಲ್ಲು ಅಪ್ಪಟ ಸಿಲಿಕಾದ ಹರಳು. ಬಸಾಲ್ಟಿನಲ್ಲಿಯೂ ಸಿಲಿಕಾ ಉಂಟು. ಆದರೆ ಅದು ಬೇರೆ ಧಾತುಗಳೊಡನೆ ಬೆರೆತು ಖನಿಜವಾಗಿರುವುದರಿಂದ ಬಿಡಿ ಬೆಣಚು ಅತ್ಯಲ್ಪ. ಸುಣ್ಣಕಲ್ಲಿನಲ್ಲಿಯೂ ಸಾಮಾನ್ಯವಾಗಿ ಕಡಿಮೆ. ಗ್ರಾನೈಟಿನಲ್ಲಾದರೋ ನೂರಕ್ಕೆ ಸುಮಾರು 30 ಪಾಲು ಬೆಣಚೇ. ಮರಳುಗಲ್ಲಿನಲ್ಲಿ ಬಹುಪಾಲು ಅದೇ. ಬೆಣಚಿನ ಪುಡಿಯನ್ನು ರಾಳದಲ್ಲಿ ಕಲಸಿ ತಯಾರಿಸಿ, ‘ಕ್ವಾರ್ಟ್ಜ್’ ಎಂಬ ಹೆಸರಿನಲ್ಲಿ ಅಡುಗೆಕಟ್ಟೆಗಳಿಗೆ ಮಾರುವ ಕೃತಕ ಹಲಗೆಯಲ್ಲಿ ಸಿಲಿಕಾ ನೂರಕ್ಕೆ 90ನ್ನೂ ಮೀರುವುದುಂಟು. ಯಾವ ಕಲ್ಲಿನ ಧೂಳೂ ಒಳ್ಳೆಯದಲ್ಲವಾದರೂ ಎಲ್ಲ ಧೂಳೂ ಒಂದೇ ಅಲ್ಲ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಘಾತುಕ. ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣದಾದ ಬೆಣಚಿನ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಇಳಿಯುತ್ತವೆ. ದೇಹದ ಕಾವಲುಗಾರರಾದ ಭಕ್ಷಕ ಕೋಶಗಳು ಅವನ್ನು ನುಂಗಿ, ಜೀರ್ಣಿಸಲಾರದೆ ತಾವೇ ಸಾಯುತ್ತವೆ. ಕಣಗಳು ಹೊರಬಿದ್ದು ಮತ್ತೊಂದು ಕೋಶವನ್ನು ಕೊಲ್ಲುತ್ತವೆ. ಈ ನಿರಂತರ ಕಾಳಗದಿಂದ ಮೃದುವಾದ ಶ್ವಾಸಕೋಶವು ಗಾಯದ ಕಲೆಯಂತೆ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ 10–20 ವರ್ಷಗಳ ದುಡಿಮೆಯ ಅನಂತರ ಏದುಸಿರು, ಒಣಕೆಮ್ಮು, ದಣಿವು ತೋರುತ್ತವೆ. ಧೂಳು ವಿಪರೀತವಾಗಿದ್ದಲ್ಲಿ ಕೆಲವೇ ವರ್ಷಗಳು ಸಾಕು. ಕಲೆಗಟ್ಟಿದ ಭಾಗವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ.

ಈ ವ್ಯಾಧಿ ಹೊಸದಲ್ಲ. ಕಲ್ಲುಕುಟಿಗರ ಉಸಿರಾಟದ ಕಾಯಿಲೆಯನ್ನು ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲಿಯೇ ವರ್ಣಿಸಿದ್ದನು. ಕೋಲಾರದಲ್ಲಿ ಚಿನ್ನವು ಬೆಣಚಿನ ಎಳೆಗಳಲ್ಲಿ ಅಡಗಿತ್ತು. ಚಿನ್ನಕ್ಕಾಗಿ ಬೆಣಚನ್ನು ಕೊರೆದ ಗಣಿಕಾರ್ಮಿಕರಲ್ಲಿ ಈ ರೋಗವು 1940ರ ದಶಕದಲ್ಲಿಯೇ ವರದಿಯಾಯಿತು. ಗಣಿಗಳು 2001ರಲ್ಲಿ ಮುಚ್ಚಿದವು. ರೋಗ ಮಾತ್ರ ನಗರಗಳ ಕಟ್ಟಡ ಕೆಲಸಗಳಲ್ಲಿ, ಕಲ್ಲು ಪಾಲಿಶ್ ಅಂಗಡಿಗಳಲ್ಲಿ ಉಳಿದಿದೆ. ಸಿಲಿಕಾ ಧೂಳು ಶ್ವಾಸಕೋಶದ ಅರ್ಬುದಕ್ಕೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಸಾರಿತು. ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಕೃತಕ ಕ್ವಾರ್ಟ್ಜ್ ಹಲಗೆಗಳನ್ನೇ ನಿಷೇಧಿಸಿತು.

ತಡೆಯುವ ಬಗೆ

ಕಲಬುರಗಿ, ರಾಯಚೂರು, ವಿಜಯಪುರಗಳಿಂದ ದುಡಿಮೆಯನ್ನರಸಿ ಮಹಾನಗರಗಳಿಗೆ ಬಂದು ಕಟ್ಟಡ ಕೆಲಸ ಹಿಡಿದ ಕನ್ನಡಿಗರು ಅನೇಕರು. ಅವರಲ್ಲಿ ಕೆಮ್ಮು ಕಂಡೊಡನೆ ಕ್ಷಯವೆಂದು ಭಾವಿಸುವುದು ವಾಡಿಕೆ. ಎಕ್ಸ್‌ರೇ ಚಿತ್ರದಲ್ಲಿಯೂ ಎರಡೂ ಒಂದರಂತೆ ಮತ್ತೊಂದು ಕಾಣಬಹುದು. ಅದರ ಮೇಲೆ ಸಿಲಿಕೋಸಿಸ್ ಇರುವವರಿಗೆ ಕ್ಷಯ ಅಂಟುವ ಸಂಭವವೂ ಹೆಚ್ಚು. ಆದುದರಿಂದ ವೈದ್ಯರ ಬಳಿಗೆ ಹೋದಾಗ ಎಷ್ಟು ವರ್ಷ, ಯಾವ ಕೆಲಸ, ಯಾವ ಕಲ್ಲು ಎಂಬುದನ್ನು ತಪ್ಪದೆ ತಿಳಿಸಬೇಕು. ಸಂಘಸಂಸ್ಥೆಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿಯೂ ಹೆಸರು, ವಯಸ್ಸುಗಳ ಜೊತೆಗೆ ಈ ಪ್ರಶ್ನೆಯನ್ನು ಕೇಳುವುದು ಉಚಿತ.

ತಡೆಯುವ ಉಪಾಯ ಕಠಿಣವಲ್ಲ. ಕತ್ತರಿಸುವ ಚಕ್ರಕ್ಕೆ ಸತತವಾಗಿ ನೀರು ಬಿಡುವುದೇ ಮೊದಲನೆಯ ಮದ್ದು. ಒದ್ದೆಯಾದ ಧೂಳು ಹಾರುವುದಿಲ್ಲ. ಮುಖಕ್ಕೆ ಸುತ್ತಿದ ಟವೆಲ್ಲು ಸೂಕ್ಷ್ಮ ಕಣಗಳನ್ನು ತಡೆಯಲಾರದು. ಎನ್-95 ದರ್ಜೆಯ ಮುಖಗವಸು ಬೇಕು. ಕಸವನ್ನು ಒಣಗಿದಂತೆ ಗುಡಿಸದೆ ಒದ್ದೆ ಮಾಡಿ ತೆಗೆಯಬೇಕು. ಬೀಡಿ ಸಿಗರೇಟುಗಳು ಅಳಿದುಳಿದ ಉಸಿರನ್ನೂ ಕಸಿಯುತ್ತವೆ.

ಮನೆಯ ರಿಪೇರಿ ಮಾಡಿಸುವವರ ಹೊಣೆಯೂ ಇದರಲ್ಲಿದೆ. ಅಡುಗೆಕಟ್ಟೆಯ ಕಲ್ಲನ್ನು ಆರಿಸುವಾಗ ಬಣ್ಣ, ಬೆಲೆಗಳ ಜೊತೆಗೆ ಅದರ ಕುಲವನ್ನೂ ವಿಚಾರಿಸಬೇಕು. ಕತ್ತರಿಸುವ ಕೆಲಸ ಮುಚ್ಚಿದ ಕೋಣೆಯಲ್ಲಿ ನಡೆಯದಂತೆ ನೋಡಿಕೊಂಡು, ಕೆಲಸದವನು ಯಂತ್ರವನ್ನು ಚಾಲೂ ಮಾಡುವ ಮುನ್ನ ಒಂದು ಬಕೀಟು ನೀರನ್ನೂ ಒಂದು ಒಳ್ಳೆಯ ಮುಖಗವಸನ್ನೂ ಒದಗಿಸಬೇಕು. ಕೋಟಿ ವರ್ಷ ಬಾಳಿದ ಕಲ್ಲಿನ ಎದುರು ಮನುಷ್ಯನ ಆಯುಸ್ಸು ಬಹಳ ಚಿಕ್ಕದು. ಅದನ್ನು ಇನ್ನಷ್ಟು ಚಿಕ್ಕದು ಮಾಡುವ ಅಗತ್ಯ ಯಾರಿಗೂ ಇಲ್ಲ.