ಮೊದಲ ಮನೆಗೆ ನೆರವು ಬೇಕಿರುವುದು ಮೊದಲ ದಿನ

ಹೈದರಾಬಾದಿನ ಪಶ್ಚಿಮ ಅಂಚಿನಲ್ಲಿ, ಗಚ್ಚಿಬೌಲಿ ಮತ್ತು ಫೈನಾನ್ಶಿಯಲ್ ಡಿಸ್ಟ್ರಿಕ್ಟ್‌ನ ಸಾಫ್ಟ್‌ವೇರ್ ಕಚೇರಿಗಳ ಮಗ್ಗುಲಲ್ಲಿರುವ ಮಣಿಕೊಂಡ 2018ರಲ್ಲಷ್ಟೇ ಪುರಸಭೆಯಾಯಿತು. ಅಷ್ಟರಲ್ಲಾಗಲೇ ಅಲ್ಲಿ ಅಪಾರ್ಟ್‌ಮೆಂಟುಗಳು ಒತ್ತೊತ್ತಾಗಿ ಎದ್ದು ನಿಂತಿದ್ದವು. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಹೈದರಾಬಾದ್ ಹೊಸ ಊರೇನಲ್ಲ. 1956ರ ಭಾಷಾವಾರು ವಿಂಗಡಣೆಯವರೆಗೂ ಅದೇ ಅವರ ರಾಜಧಾನಿ. ಇವತ್ತು ಕಟ್ಟಡ ಕೆಲಸ, ಕಾವಲು, ಡ್ರೈವರ್ ಕೆಲಸಕ್ಕೂ ಅವರು ಅಲ್ಲಿಗೆ ಹೋಗುತ್ತಾರೆ, ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕೂ ಹೋಗುತ್ತಾರೆ. ಮದುವೆಯಾಗಿ, ಮಗು ಶಾಲೆಗೆ ಸೇರುವ ಹೊತ್ತಿಗೆ ಬಾಡಿಗೆ ಬಿಟ್ಟು ಸ್ವಂತದ್ದೊಂದು ಮಾಡಿಕೊಳ್ಳಬೇಕೆಂಬ ಯೋಚನೆ ಶುರುವಾಗುತ್ತದೆ. ಮೊದಲ ಬಾರಿ ಮನೆ ಕೊಳ್ಳುವವರಿಗೆ ಸರ್ಕಾರದ ಸಹಾಯವಿದೆ, ಬ್ಯಾಂಕುಗಳ ಸಾಲವಿದೆ ಎಂದು ಎಲ್ಲರೂ ಕೇಳಿರುತ್ತಾರೆ. ಆ ಸಹಾಯ ನಿಜವಾಗಿ ಯಾವ ಹೊತ್ತಿಗೆ, ಯಾರ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿದರೆ, ಕಳೆದ ಹತ್ತು ವರ್ಷಗಳ ಯೋಜನೆಗಳೆಲ್ಲ ತಿಂಗಳ ಕಂತನ್ನು ಹಗುರ ಮಾಡಲು ಹೊರಟು, ಮನೆ ಕೊಳ್ಳುವ ದಿನದ ಭಾರವನ್ನು ಮುಟ್ಟದೆ ಬಿಟ್ಟಿರುವುದು ಕಾಣುತ್ತದೆ. ಮಧ್ಯಮ ವರ್ಗದ ಕುಟುಂಬ ಎಡವುವುದು ಆ ದಿನದಲ್ಲೇ.

ಮಣಿಕೊಂಡದಲ್ಲಿ ಇನ್ನೂ ಕಟ್ಟುತ್ತಿರುವ ಎರಡು ಬೆಡ್‌ರೂಮಿನ ಫ್ಲಾಟ್ ಒಂದರ ಬೆಲೆ 80 ಲಕ್ಷ ಎಂದಿಟ್ಟುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಮನೆಯ ಬೆಲೆಯ ಶೇ 90ರಷ್ಟು, 30ರಿಂದ 75 ಲಕ್ಷದ ಸಾಲವಾದರೆ ಶೇ 80ರಷ್ಟು, ಅದಕ್ಕೂ ಮೀರಿದರೆ ಶೇ 75ರಷ್ಟು ಮಾತ್ರ ಬ್ಯಾಂಕು ಕೊಡಬಹುದು. ಅಂದರೆ ಈ ಫ್ಲಾಟಿಗೆ ಸಿಗುವ ಸಾಲ ಹೆಚ್ಚೆಂದರೆ 64 ಲಕ್ಷ. ಉಳಿದ 16 ಲಕ್ಷ ಕೈಯಿಂದ ಹಾಕಬೇಕು. ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ತೆಲಂಗಾಣದಲ್ಲಿ ಮುದ್ರಾಂಕ ಶುಲ್ಕ ಶೇ 5.5, ವರ್ಗಾವಣೆ ಶುಲ್ಕ ಶೇ 1.5, ನೋಂದಣಿ ಶುಲ್ಕ ಶೇ 0.5, ಎಲ್ಲ ಸೇರಿ ಶೇ 7.5. ಅಲ್ಲಿಗೆ 6 ಲಕ್ಷ. ಕಟ್ಟುತ್ತಿರುವ ಮನೆಗೆ ಶೇ 5ರ ಜಿಎಸ್‌ಟಿ, ಮತ್ತೆ 4 ಲಕ್ಷ. ಹತ್ತು ಲಕ್ಷದೊಳಗಿನ ಮನೆಗಳನ್ನು ಬಿಟ್ಟರೆ, ಮುದ್ರಾಂಕ ಮತ್ತು ನೋಂದಣಿಯ ಖರ್ಚನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ. ಜಿಎಸ್‌ಟಿಗೂ ಸಾಲ ಸಿಗದೆ ಹೋದರೆ ಕುಟುಂಬವೊಂದು ತನ್ನ ಉಳಿತಾಯದಿಂದ ತೆಗೆಯಬೇಕಾದ್ದು 26 ಲಕ್ಷ. ಶೇ 8ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 53,500 ರೂಪಾಯಿ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಆ ಕಂತನ್ನು ಹೇಗೋ ತೂಗಿಸಿಕೊಂಡು ಹೋಗಬಹುದು. 26 ಲಕ್ಷವನ್ನು ಒಟ್ಟಿಗೆ ಎಲ್ಲಿಂದ ತರುವುದು?

ಈಗ ಯೋಜನೆಗಳತ್ತ ನೋಡಿ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ ಶುರುವಾದದ್ದು 2015ರ ಜೂನ್‌ನಲ್ಲಿ. ಅದರೊಳಗಿನ ಬಡ್ಡಿ ಸಹಾಯಧನದಲ್ಲಿ ವರ್ಷಕ್ಕೆ 6 ಲಕ್ಷದೊಳಗಿನ ಆದಾಯದವರಿಗೆ 6 ಲಕ್ಷದ ಸಾಲದವರೆಗೆ ಶೇ 6.5 ಬಡ್ಡಿ ನೆರವು, ಹೆಚ್ಚೆಂದರೆ 2.67 ಲಕ್ಷ ಸಿಗುತ್ತಿತ್ತು. ಮುಂದೆ ಮಧ್ಯಮ ವರ್ಗವನ್ನೂ ಸೇರಿಸಿ 18 ಲಕ್ಷದ ಆದಾಯದವರೆಗೆ ಮಿತಿ ಏರಿಸಿದರು. ಮನೆಯ ವಿಸ್ತೀರ್ಣಕ್ಕೆ ಮಿತಿಯಿತ್ತು, ಬೆಲೆಗೆ ಇರಲಿಲ್ಲ. ಮಣಿಕೊಂಡದಂಥ ಜಾಗದಲ್ಲಿ ಕೊಳ್ಳುವವರಿಗೆ ಅಲ್ಪಸ್ವಲ್ಪವಾದರೂ ಒದಗಿದ ಯೋಜನೆ ಅದೊಂದೇ. ಮಧ್ಯಮ ವರ್ಗದ ಆ ಭಾಗ 2021ರ ಮಾರ್ಚ್ 31ಕ್ಕೆ ಮುಗಿಯಿತು. ಅದೇ ವರ್ಷದ ಜುಲೈನಲ್ಲಿ ತೆಲಂಗಾಣ ಸರ್ಕಾರ ನೋಂದಣಿಯ ಒಟ್ಟು ಶುಲ್ಕವನ್ನು ಶೇ 6ರಿಂದ 7.5ಕ್ಕೆ ಏರಿಸಿತು. ನಾಲ್ಕೇ ತಿಂಗಳ ಅಂತರದಲ್ಲಿ ಒಂದು ಕಡೆ ಕೇಂದ್ರದ ನೆರವು ನಿಂತಿತು, ಇನ್ನೊಂದು ಕಡೆ ರಾಜ್ಯದ ಶುಲ್ಕ ಏರಿತು. ಎರಡೂ ಪೆಟ್ಟು ಬಿದ್ದದ್ದು ಅದೇ ಕುಟುಂಬದ ಮೇಲೆ.

2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಆವಾಸ್ ಯೋಜನೆಯ ಎರಡನೇ ಆವೃತ್ತಿಯಲ್ಲಿ ಬಡ್ಡಿ ನೆರವು ಮತ್ತೆ ಬಂದಿದೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷ ಮೀರಬಾರದು, ಮನೆಯ ಬೆಲೆ 35 ಲಕ್ಷ ಮೀರಬಾರದು, ಸಾಲ 25 ಲಕ್ಷ ಮೀರಬಾರದು, ದೇಶದಲ್ಲಿ ಎಲ್ಲೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ಮೊದಲ 8 ಲಕ್ಷದ ಸಾಲಕ್ಕೆ ಶೇ 4ರ ನೆರವು. ಅದು ಐದು ವಾರ್ಷಿಕ ಕಂತುಗಳಲ್ಲಿ ಒಟ್ಟು 1.80 ಲಕ್ಷದವರೆಗೆ ಸಾಲದ ಖಾತೆಗೆ ಜಮೆಯಾಗುತ್ತದೆ. ಮಣಿಕೊಂಡದಲ್ಲಿ 35 ಲಕ್ಷಕ್ಕೆ ಹೊಸ ಎರಡು ಬೆಡ್‌ರೂಮಿನ ಫ್ಲಾಟ್ ಇಲ್ಲ. ನಮ್ಮ ಲೆಕ್ಕದ 53,500ರ ಕಂತಿಗೆ ಬ್ಯಾಂಕು ಸಾಲ ಕೊಡಬೇಕಾದರೆ ಕುಟುಂಬದ ಆದಾಯ ಹೆಚ್ಚುಕಡಿಮೆ ಅದರ ಎರಡರಷ್ಟು, ವರ್ಷಕ್ಕೆ 13 ಲಕ್ಷದ ಹತ್ತಿರ ಇರಬೇಕು. ಹೀಗಾಗಿ ಯೋಜನೆಗೆ ಅರ್ಹರಾದವರು ಅಲ್ಲಿ ಕೊಳ್ಳಲಾರರು, ಕೊಳ್ಳಬಲ್ಲವರು ಅರ್ಹರಲ್ಲ. ಹೋಗಲಿ, ಅರ್ಹ ಕುಟುಂಬವೊಂದು ನಗರದ ಆಚೆ ಅಂಚಿಗೆ ಹೋಗಿ 35 ಲಕ್ಷದ ಮನೆಯನ್ನೇ ಕೊಂಡಿತು ಎನ್ನೋಣ. ಸಾಲ 25 ಲಕ್ಷ ಕಳೆದರೆ ಕೈಯಿಂದ 10 ಲಕ್ಷ, ನೋಂದಣಿಗೆ 2.6 ಲಕ್ಷ. ವರ್ಷವಿಡೀ ದುಡಿದದ್ದಕ್ಕಿಂತ ಹೆಚ್ಚು ಹಣವನ್ನು ಮೊದಲೇ ಇಡಬೇಕು. ಇಟ್ಟ ಮೇಲೆ ಸರ್ಕಾರ ವರ್ಷಕ್ಕೆ 36,000ದಂತೆ ಕೊಡುತ್ತದೆ. ಇದನ್ನು ಸಣ್ಣ ಮೊತ್ತವೆಂದು ಹೀಗಳೆಯುವುದು ತಪ್ಪು. ಬಂದವರಿಗೆ ಖಂಡಿತ ಉಪಕಾರವಾಗುತ್ತದೆ. ಆದರೆ ಅದು ತಲುಪುವುದು ಆಗಲೇ ಹೊಸ್ತಿಲು ದಾಟಿದವರನ್ನು.

ಆದಾಯ ತೆರಿಗೆಯ ರಿಯಾಯಿತಿಯದೂ ಅದೇ ಕಥೆ. ವಾಸದ ಮನೆಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಕಳೆಯಲು ಹಳೆಯ ತೆರಿಗೆ ಪದ್ಧತಿಯಲ್ಲಿ ಅವಕಾಶವಿದೆ. ಈ ಮಿತಿ 2014ರಿಂದ ಬದಲಾಗಿಲ್ಲ. 64 ಲಕ್ಷದ ಸಾಲಕ್ಕೆ ಮೊದಲ ವರ್ಷದ ಬಡ್ಡಿಯೇ 5 ಲಕ್ಷ ದಾಟುತ್ತದೆ. ಮೊದಲ ಮನೆಯವರಿಗೆಂದೇ ಇದ್ದ ಹೆಚ್ಚುವರಿ 1.5 ಲಕ್ಷದ ವಿನಾಯಿತಿ 45 ಲಕ್ಷದೊಳಗಿನ ಮನೆಗಳಿಗೆ ಸೀಮಿತವಾಗಿತ್ತು, 2022ರ ಮಾರ್ಚ್ ನಂತರ ಮಂಜೂರಾದ ಸಾಲಗಳಿಗೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ವಾಸದ ಮನೆಯ ಬಡ್ಡಿ ಕಡಿತವೇ ಇಲ್ಲ. ಹಳೆಯ ಪದ್ಧತಿಯಲ್ಲೂ ಲಾಭ ಹೆಚ್ಚು ಸಿಗುವುದು ಶೇ 30ರ ತೆರಿಗೆ ಕಟ್ಟುವವರಿಗೆ, ಅಂದರೆ ನೆರವಿನ ಅಗತ್ಯ ಕಡಿಮೆ ಇರುವವರಿಗೆ.

ಮೊದಲ ದಿನದ ಹಣ ಸಾಲದೆ ಬಂದಾಗ ಜನ ಸುಮ್ಮನೆ ಹಿಂದಿರುಗುವುದಿಲ್ಲ, ಬೇರೆ ದಾರಿ ಹುಡುಕುತ್ತಾರೆ. ಒಡವೆ ಅಡ ಇಡುತ್ತಾರೆ, ಪರ್ಸನಲ್ ಲೋನ್ ತೆಗೆಯುತ್ತಾರೆ, ಊರಿನ ಹೊಲ ಮಾರುತ್ತಾರೆ. ಹೈದರಾಬಾದಿನಲ್ಲಿ ಇವೆಲ್ಲಕ್ಕಿಂತ ಅಪಾಯದ ದಾರಿಯೊಂದಿದೆ. ಅಲ್ಲಿನವರು ಅದನ್ನು ಪ್ರೀ-ಲಾಂಚ್ ಎನ್ನುತ್ತಾರೆ. ಕಟ್ಟಡಕ್ಕೆ ಅನುಮತಿಯಿಲ್ಲ, ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ (ರೇರಾ) ನೋಂದಣಿಯಿಲ್ಲ. ಜಮೀನಿನಲ್ಲಿ ಅವಿಭಜಿತ ಪಾಲು ಬರೆದುಕೊಡುತ್ತೇವೆ, ಪೂರ್ತಿ ಹಣ ಈಗಲೇ ಕೊಟ್ಟರೆ ಮಾರುಕಟ್ಟೆಗಿಂತ ಎಷ್ಟೋ ಕಡಿಮೆಗೆ ಫ್ಲಾಟ್ ಎಂಬ ಆಮಿಷ. 2016ರ ರೇರಾ ಕಾಯ್ದೆಯ ಪ್ರಕಾರ ನೋಂದಣಿಯಾಗದ ಯೋಜನೆಯನ್ನು ಜಾಹೀರಾತು ಮಾಡುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ನೋಂದಾಯಿತ ಒಪ್ಪಂದವಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲಿಡಬೇಕು. ಪ್ರೀ-ಲಾಂಚ್‌ಗೆ ದುಡ್ಡು ಹಾಕಿದವರಿಗೆ ಈ ಯಾವ ರಕ್ಷಣೆಯೂ ಒದಗುವುದಿಲ್ಲ. ಗೃಹಸಾಲವೂ ಸಿಗದ ಕಾರಣ ಬ್ಯಾಂಕಿನ ವಕೀಲರು ಕಾಗದಪತ್ರ ನೋಡುವ ಒಂದು ಜರಡಿಯೂ ತಪ್ಪಿಹೋಗುತ್ತದೆ. ಆ ಜರಡಿಯನ್ನೇ ಪೂರ್ತಿ ನಂಬಿ ಕೂರಬಾರದು ಎಂಬುದಕ್ಕೂ ಮಣಿಕೊಂಡದಲ್ಲೇ ಸಾಕ್ಷಿಯಿದೆ. ಅಲ್ಲಿನ ಜಾಗೀರಿನ 1,654 ಎಕರೆ ದರ್ಗಾವೊಂದಕ್ಕೆ ಸೇರಿದ ವಕ್ಫ್ ಆಸ್ತಿಯೇ, ಸರ್ಕಾರದ್ದೇ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, ಸರ್ಕಾರದ್ದೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2022ರ ಫೆಬ್ರವರಿಯಲ್ಲಿ. ಅಷ್ಟರೊಳಗೆ ಆ ನೆಲದ ಮೇಲೆ ಗಗನಚುಂಬಿಗಳೇ ಎದ್ದಿದ್ದವು. ಸಾಲ ಮಂಜೂರಾಯಿತು ಎಂದ ಮಾತ್ರಕ್ಕೆ ಹಕ್ಕು ನಿಷ್ಕಂಟಕವಾಯಿತು ಎಂದಲ್ಲ. ಸ್ವಂತ ವಕೀಲರಿಗೆ ಕಾಗದಪತ್ರ ತೋರಿಸುವ ಖರ್ಚನ್ನು ಯಾರೂ ಉಳಿಸಲು ಹೋಗಬಾರದು.

ಹಾಗಾದರೆ ನೆರವು ಎಲ್ಲಿರಬೇಕು? ನೋಂದಣಿ ಕಚೇರಿಯಲ್ಲಿ. ಮೊದಲ ಮನೆಗೆ, ಒಂದು ಬೆಲೆಯ ಮಿತಿಯೊಳಗೆ, ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಬಿಟ್ಟುಕೊಡುವುದು ಎಲ್ಲಕ್ಕಿಂತ ನೇರವಾದ ಸಹಾಯ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿಲ್ಲ, ಬ್ಯಾಂಕಿನ ಮಧ್ಯಸ್ಥಿಕೆ ಬೇಕಿಲ್ಲ, ಹಣ ಬೇಕಾದ ದಿನವೇ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಮೊದಲ ಮನೆ ಕೊಳ್ಳುವವರಿಗೆ 3 ಲಕ್ಷ ಪೌಂಡಿನವರೆಗೆ ಈ ಶುಲ್ಕವಿಲ್ಲ, ಮನೆಯ ಬೆಲೆ 5 ಲಕ್ಷ ಪೌಂಡ್ ದಾಟಿದರೆ ರಿಯಾಯಿತಿಯೂ ಇಲ್ಲ. ಕರ್ನಾಟಕ ಅರ್ಧ ದಾರಿ ನಡೆದಿದೆ. ಮೊದಲ ಬಾರಿ ಮಾರಾಟವಾಗುವ, 35ರಿಂದ 45 ಲಕ್ಷದೊಳಗಿನ ಫ್ಲಾಟುಗಳಿಗೆ ಮುದ್ರಾಂಕ ಶುಲ್ಕವನ್ನು 2021ರಲ್ಲಿ ಶೇ 5ರಿಂದ 3ಕ್ಕೆ ಇಳಿಸಲಾಯಿತು. ಆದರೆ ಅಲ್ಲಿ 'ಮೊದಲ' ಎಂಬುದು ಫ್ಲಾಟಿಗೆ ಅನ್ವಯಿಸುತ್ತದೆ, ಕೊಳ್ಳುವವರಿಗಲ್ಲ. ಐದನೇ ಫ್ಲಾಟ್ ಕೊಳ್ಳುವವರಿಗೂ ಅದೇ ರಿಯಾಯಿತಿ. ಇನ್ನೊಂದೆಡೆ 2025ರ ಆಗಸ್ಟ್ ಕೊನೆಗೆ ಕರ್ನಾಟಕ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿದಾಗ, ಮೊದಲ ಮನೆಯವರನ್ನು ಅದರಿಂದ ಹೊರಗಿಡಲಿಲ್ಲ.

ಇದಕ್ಕೆ ಬರುವ ದೊಡ್ಡ ಆಕ್ಷೇಪ, ನೀವು ಎಷ್ಟು ಬಿಟ್ಟುಕೊಟ್ಟರೂ ಬಿಲ್ಡರ್ ಅಷ್ಟೇ ಬೆಲೆ ಏರಿಸುತ್ತಾನೆ ಎಂಬುದು. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಇಂಗ್ಲೆಂಡಿನಲ್ಲಿ 2013ರಿಂದ ಹೊಸ ಮನೆಗೆ ಸರ್ಕಾರವೇ ಬೆಲೆಯ ಒಂದು ಪಾಲು ಸಾಲ ಕೊಡುವ ಯೋಜನೆಯಿತ್ತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಅದನ್ನು ಪರಿಶೀಲಿಸಿದಾಗ, ಲಂಡನ್ ಸುತ್ತಮುತ್ತ ಬೆಲೆ ಏರಿತೇ ಹೊರತು ಹೆಚ್ಚು ಮನೆಗಳು ಬರಲಿಲ್ಲ ಎಂದು ಕಂಡುಬಂತು. ಆದರೆ ಅದೇ ಅಧ್ಯಯನದ ಇನ್ನೊಂದು ಅರ್ಧವನ್ನು ಜನ ಮರೆಯುತ್ತಾರೆ. ಕಟ್ಟಲು ಜಾಗ ಸಲೀಸಾಗಿ ಸಿಗುವ ವೇಲ್ಸ್ ಗಡಿಯ ಭಾಗದಲ್ಲಿ ಬೆಲೆ ಏರದೆ ಮನೆಗಳ ಸಂಖ್ಯೆಯೇ ಹೆಚ್ಚಿತ್ತು. ಹೈದರಾಬಾದ್ ಯಾವ ಕಡೆಗೆ ಸೇರುತ್ತದೆ? ನಿವೇಶನದ ಮೇಲೆ ಎಷ್ಟು ಚದರಡಿ ಕಟ್ಟಬಹುದೆಂಬ ಎಫ್‌ಎಸ್‌ಐ ಮಿತಿಯನ್ನು 2006ರ ಕಟ್ಟಡ ನಿಯಮಗಳಲ್ಲೇ ಅಲ್ಲಿ ತೆಗೆದುಹಾಕಲಾಯಿತು. ರಸ್ತೆಯ ಅಗಲ, ಸುತ್ತ ಬಿಡಬೇಕಾದ ಜಾಗ ಇವೇ ಎತ್ತರವನ್ನು ನಿರ್ಧರಿಸುತ್ತವೆ. ಬೇಡಿಕೆ ಬಂದರೆ ಕಟ್ಟಡ ಏಳುತ್ತದೆ. ಮುಂಬೈಗೆ ಅನ್ವಯಿಸಬಹುದಾದ ಭಯವನ್ನು ಮಣಿಕೊಂಡಕ್ಕೆ ಹಾಗೆಯೇ ಹೊರಿಸಲಾಗದು. ನೆರವಿನ ಒಂದಂಶ ಬಿಲ್ಡರ್ ಪಾಲಾದೀತು, ಒಪ್ಪೋಣ. ಆದರೂ ಎರಡನೇ, ಮೂರನೇ ಮನೆಗೆ ಪೈಪೋಟಿ ಮಾಡುವವರಿಗೆ ರಿಯಾಯಿತಿ ಇಲ್ಲದಿರುವಾಗ ಇಡೀ ಮೊತ್ತ ಬೆಲೆಯಲ್ಲಿ ಕರಗಿಹೋಗುವುದು ಕಷ್ಟ.

ಸೂರೇ ಇಲ್ಲದವರಿರುವಾಗ ಮಧ್ಯಮ ವರ್ಗಕ್ಕೇಕೆ ಬೊಕ್ಕಸದ ಹಣ ಎಂಬ ಪ್ರಶ್ನೆ ನ್ಯಾಯವಾದದ್ದು. ಬಡವರ ಮನೆಗೆ ಮೀಸಲಿಟ್ಟ ಹಣದಿಂದ ಒಂದು ರೂಪಾಯಿಯನ್ನೂ ಇದಕ್ಕೆ ತೆಗೆಯಬಾರದು. ತೆಗೆಯಬೇಕಾದ ಅಗತ್ಯವೂ ಇಲ್ಲ. ಸಿಂಗಪುರದಲ್ಲಿ ಎರಡನೇ ಮನೆ ಕೊಳ್ಳುವ ಪ್ರಜೆಗೆ 2023ರ ಏಪ್ರಿಲ್‌ನಿಂದ ಶೇ 20 ಹೆಚ್ಚುವರಿ ಶುಲ್ಕವಿದೆ, ಇಂಗ್ಲೆಂಡಿನಲ್ಲಿ ಶೇ 5. ನಮ್ಮಲ್ಲಿ ಅಷ್ಟು ಬೇಡ. ಹೂಡಿಕೆಗೆಂದು ಕೊಳ್ಳುವ ಮನೆಗೆ ಒಂದೆರಡು ಅಂಶ ಏರಿಸಿದರೂ ಮೊದಲ ಮನೆಯ ರಿಯಾಯಿತಿಯ ಬಹುಪಾಲು ತುಂಬಿಕೊಳ್ಳಬಹುದು. ಯಾರದು ಮೊದಲ ಮನೆಯೆಂದು ತಿಳಿಯುವುದು ಹೇಗೆ ಎಂದರೆ, ಆವಾಸ್ ಯೋಜನೆ ಆಧಾರ್ ಮೂಲಕ ಆ ಪರಿಶೀಲನೆಯನ್ನು ಈಗಾಗಲೇ ಮಾಡುತ್ತಿದೆ. 50 ಲಕ್ಷ ಮತ್ತು ಮೇಲ್ಪಟ್ಟ ಆಸ್ತಿ ಕೊಂಡವರು ಶೇ 1 ಟಿಡಿಎಸ್ ಕಟ್ಟುವುದರಿಂದ ಅವರ ಪ್ಯಾನ್ ಸಂಖ್ಯೆಯೂ ಆದಾಯ ತೆರಿಗೆ ಇಲಾಖೆಯಲ್ಲಿದೆ. ರಾಜ್ಯಗಳ ನೋಂದಣಿ ಇಲಾಖೆಗಳು ಆ ಮಾಹಿತಿಯನ್ನು ಹಂಚಿಕೊಳ್ಳಬೇಕಷ್ಟೆ.

ಮೊದಲ ದಿನದ ಭಾರ ಇಳಿಸುವುದೆಂದರೆ ಬ್ಯಾಂಕುಗಳು ಶೇ 95 ಸಾಲ ಕೊಡಲಿ ಎಂದು ನಾನು ಹೇಳುತ್ತಿಲ್ಲ. ಕೈಯಿಂದ ಹಾಕಿದ ಹಣ ಕಡಿಮೆಯಾದಷ್ಟೂ ಕೆಲಸ ಹೋದಾಗ, ಬೆಲೆ ಇಳಿದಾಗ ಮನೆ ಹರಾಜಿಗೆ ಬರುವ ಸಾಧ್ಯತೆ ಹೆಚ್ಚು. 2008ರ ಅಮೆರಿಕ ಅದನ್ನು ತೋರಿಸಿದೆ. ಮನೆಯ ಬೆಲೆಗೆ ಸೇರುವ 16 ಲಕ್ಷ ಕೊಳ್ಳುವವರದೇ ಆಗಿ ಉಳಿಯುತ್ತದೆ, ಅದು ಉಳಿತಾಯದಿಂದಲೇ ಬರಲಿ. ಶುಲ್ಕವೆಂದು ಕಟ್ಟಿದ 6 ಲಕ್ಷ ಹಿಂದಿರುಗುವುದಿಲ್ಲ. ರಿಯಾಯಿತಿ ಬೇಕಿರುವುದು ಆ ಹಣಕ್ಕೆ. ನಮ್ಮ ಲೆಕ್ಕದ 80 ಲಕ್ಷದ ಫ್ಲಾಟಿಗೆ, ಅದು ಕೊಳ್ಳುವವರ ಮೊದಲ ಮನೆಯಾಗಿದ್ದರೆ, ಮೊದಲ 50 ಲಕ್ಷದ ಮೇಲೆ ಶುಲ್ಕವಿಲ್ಲ ಎಂದು ತೆಲಂಗಾಣ ಮಾಡಿದರೆ ನೋಂದಣಿಯ ದಿನವೇ 3.75 ಲಕ್ಷ ಉಳಿಯುತ್ತದೆ. ಕೇಂದ್ರದ ಬಡ್ಡಿ ನೆರವು ಐದು ವರ್ಷ ಸೇರಿ ಕೊಡುವುದರ ಎರಡು ಪಟ್ಟಿಗೂ ಇದು ಹೆಚ್ಚು.