ಮುರಿದುಳಿದ ಮುಳ್ಳು ಮತ್ತು ಮಿದುಳಿನ ಬಾವು

ಗದಗ ಜಿಲ್ಲೆಯ ಸೂಡಿಯನ್ನು ನಾಡು ಬಲ್ಲುದು ಚಾಲುಕ್ಯರ ಕಾಲದ ಶಾಸನಗಳಿಂದ, ಜೋಡುಕಳಸದ ಗುಡಿಯಿಂದ, ನಾಗಕುಂಡದಿಂದ. ಅಲ್ಲಿನ ಎರೆಹೊಲಗಳ ಬದುಕು ಉಳಿಸಿಕೊಂಡ ದೇಹಜ್ಞಾನದತ್ತ ವಿದ್ವಾಂಸರ ಗಮನ ಹರಿದುದು ಕಡಿಮೆ. ಆ ಜ್ಞಾನದ ಒಂದು ಎಳೆಯನ್ನು ಹಿಡಿದು ಇಂದಿನ ನರವಿಜ್ಞಾನದ ಒಂದು ತೊಡಕನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಆಡುಮಾತಿನಲ್ಲಿ ಕಾಲಿಗೆ ಜಾಲಿಮುಳ್ಳು ‘ನಟ್ಟಿತು’ ಎನ್ನುತ್ತಾರೆ. ಸಸಿ ನೆಡುವುದಕ್ಕೂ ಇದೇ ಧಾತು. ಚುಚ್ಚಿ ಹೊರಬಂದ ಮುಳ್ಳು ಬೇರೆ, ನಟ್ಟು ಮುರಿದು ಒಳಗುಳಿದ ಮುಳ್ಳು ಬೇರೆ. ಮೊದಲನೆಯದರ ನೋವು ಎರಡು ದಿನದ್ದು. ಎರಡನೆಯದು ಬಾವು ತರಿಸುತ್ತದೆ, ಕೀವಾಗುತ್ತದೆ, ಇಲ್ಲವೆ ಸುತ್ತಲಿನ ಮಾಂಸ ಗಡಸಾಗಿ ಗಂಟು ಕಟ್ಟುತ್ತದೆ. ಅಂಗಾಲಿನ ಗಡಸು ಗಂಟಿಗೂ ಮರಕ್ಕೆ ಹೊಡೆಯುವ ಮೊಳೆಗೂ ‘ಆಣಿ’ ಎಂಬ ಒಂದೇ ಹೆಸರಿರುವುದು ಗಮನಾರ್ಹ.

ನರಕೋಶಗಳ ಸಂಕೇತಗಳನ್ನು ದಾಖಲಿಸಲು ಪ್ರಯೋಗಾಲಯದ ಇಲಿಯ ಮಿದುಳಿನಲ್ಲಿ ಸೂಕ್ಷ್ಮ ವಿದ್ಯುದ್ವಾರವನ್ನು, ಅಂದರೆ ಎಲೆಕ್ಟ್ರೋಡನ್ನು, ನೆಡಲಾಗುತ್ತದೆ. ಅದು ಇಳಿಯುವಾಗ ಕಿರುರಕ್ತನಾಳಗಳು ಹರಿಯುತ್ತವೆ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೆಲವೇ ಗಂಟೆಗಳಲ್ಲಿ ಅದರತ್ತ ಚಾಚಿಕೊಳ್ಳುತ್ತವೆ; ಆಸ್ಟ್ರೋಸೈಟ್ ಕೋಶಗಳು ಸುತ್ತುವರಿದು ಸುಮಾರು 6 ವಾರಗಳಲ್ಲಿ ಬಿಗಿಯಾದ ಕವಚ ಕಟ್ಟುತ್ತವೆ. ಸೋಂಕಿಲ್ಲದೆಯೂ, ಕೀವಿಲ್ಲದೆಯೂ ಬರುವ ಬಾವು ಇದು. ಸಿಲಿಕಾನ್ ಮಿದುಳಿಗಿಂತ ಕೋಟಿಗಟ್ಟಲೆ ಪಟ್ಟು ಗಡಸು. ಉಸಿರಾಟಕ್ಕೆ, ನಾಡಿಯ ಮಿಡಿತಕ್ಕೆ ಮಿದುಳು ಅಲುಗಿದಂತೆಲ್ಲ ಅದು ಮೆತ್ತನೆಯ ಊತಕವನ್ನು ಉಜ್ಜುತ್ತಲೇ ಇರುತ್ತದೆ.

ಚುಚ್ಚಿದ ಗಾಯವೇ ಬಾವಿಗೆ ಕಾರಣವೋ, ಒಳಗುಳಿದ ವಸ್ತುವೋ? ರಾಯ್ ಬಿರಾನ್, ಡೇವಿಡ್ ಮಾರ್ಟಿನ್ ಮತ್ತು ಪ್ಯಾಟ್ರಿಕ್ ಟ್ರೆಸ್ಕೊ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಇಲಿಗಳಲ್ಲಿ ಪರೀಕ್ಷಿಸಿತು. ಚುಚ್ಚಿ ತೆಗೆದ ಕಡೆ ಕಾಣದ ನರಕೋಶಗಳ ನಷ್ಟ, ವಿದ್ಯುದ್ವಾರ ಉಳಿದ ಕಡೆ ವಾರಗಳ ನಂತರವೂ ಕಂಡಿತು. ಹೊಲದ ಮಾತಿನ ಭೇದವೂ ಇದೇ. ಹಾಗೆಂದು ಮಿದುಳಿನ ಬಾವನ್ನು ಜನಪದರು ಮೊದಲೇ ಅರಿತಿದ್ದರೆನ್ನುವುದು ಜಾನಪದಕ್ಕೆ ಸಲ್ಲಿಸುವ ಗೌರವವಲ್ಲ. ಕಾಲಿನ ಮುಳ್ಳು ನೋವಿನಿಂದ ತನ್ನ ಇರವನ್ನು ಸಾರುತ್ತದೆ. ಮಿದುಳಿನ ಊತಕಕ್ಕೆ ನೋವಿನ ಗ್ರಾಹಕಗಳೇ ಇಲ್ಲ. ಕ್ಷೀಣಿಸುವ ಸಂಕೇತ, ಕೊನೆಗೆ ಸೂಕ್ಷ್ಮದರ್ಶಕದಡಿಯ ಮಿದುಳಿನ ತೆಳುಪದರ, ಇವೇ ಅಲ್ಲಿನ ಸಾಕ್ಷಿಗಳು.

ಕರ್ನಾಟಕದಲ್ಲಿಯೂ ಇಂಥ ಪ್ರಯೋಗಗಳ ಪರಂಪರೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಂಕರನಾರಾಯಣ ರಾವ್, ದೇಶಿರಾಜು ಹಾಗೂ ಟಿ. ಆರ್. ರಾಜು ಅವರು ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಟ್ಟ ವಿದ್ಯುದ್ವಾರಗಳ ಮೂಲಕ ತಮ್ಮ ಮಿದುಳನ್ನು ತಾವೇ ಪ್ರಚೋದಿಸಿಕೊಂಡ ಇಲಿಗಳ ನರಕೋಶಗಳು ಹೆಚ್ಚು ಕವಲೊಡೆದುದು ಕಂಡುಬಂದಿತು. ಇಂಥ ಶೋಧಗಳಲ್ಲಿ ವಿದ್ಯುದ್ವಾರ ನೆಟ್ಟರೂ ಪ್ರವಾಹ ಹರಿಸದ ಇಲಿಗಳ ಗುಂಪು ಏಕೆ ಬೇಕೆಂಬುದು ಮೇಲಿನ ವಿವರದಿಂದ ಸ್ಪಷ್ಟ: ಕಂಡ ಬದಲಾವಣೆ ಪ್ರವಾಹದ್ದೋ, ನಟ್ಟ ಲೋಹದ್ದೋ ಎಂದು ಬೇರ್ಪಡಿಸಲು ಅನ್ಯಮಾರ್ಗವಿಲ್ಲ.

ಮುಳ್ಳನ್ನು ತೆಗೆಯುವುದೇ ಹೊಲದ ಚಿಕಿತ್ಸೆ, ವಿದ್ಯುದ್ವಾರವಾದರೋ ಉಳಿಯಲೇಬೇಕು. ಆದುದರಿಂದ ಕೂದಲಿಗಿಂತ ತೆಳುವಾದ ಎಳೆಗಳು, ಬಾಗುವ ಪಾಲಿಮರ್‌ಗಳು, ಬಾವಿಳಿಸುವ ಡೆಕ್ಸಾಮೆಥಾಸೋನ್ ಲೇಪನ ಮುಂತಾದವು ಇಲಿಗಳಲ್ಲಿ ಪರೀಕ್ಷೆಗೊಳಗಾಗಿವೆ. ಪಾರ್ಕಿನ್‌ಸನ್ ಕಾಯಿಲೆಯವರಲ್ಲಿ ನೆಡುವ ವಿದ್ಯುದ್ವಾರದ ಸುತ್ತಲೂ ಕವಚ ಕಟ್ಟುತ್ತದೆ. ಆದರೂ ಅದು ವರ್ಷಗಟ್ಟಲೆ ಕೆಲಸಮಾಡಬಲ್ಲುದು, ಏಕೆಂದರೆ ಪ್ರವಾಹ ಹರಿಸುವುದೇ ಅದರ ಮುಖ್ಯ ಹೊಣೆ. ಒಂದೊಂದೇ ನರಕೋಶದ ಸಂಕೇತವನ್ನು ಆಲಿಸಬೇಕಾದ ಸೂಕ್ಷ್ಮ ವಿದ್ಯುದ್ವಾರಕ್ಕೆ ಆ ಕವಚವೇ ತಡೆ.