ಭತ್ತದ ಹುಲ್ಲಿನಿಂದ ಇಂಧನ

ಅನ್ನದಲ್ಲಿರುವ ಪಿಷ್ಟವೂ ಭತ್ತದ ಹುಲ್ಲಿನಲ್ಲಿರುವ ಸೆಲ್ಯುಲೋಸೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಅಣುಗಳಿಂದಾದ ಸರಪಳಿಗಳು. ಆದರೂ ಅನ್ನವನ್ನು ನಾವು ಜೀರ್ಣಿಸಿಕೊಳ್ಳುತ್ತೇವೆ, ಹುಲ್ಲನ್ನು ಜೀರ್ಣಿಸಿಕೊಳ್ಳಲಾರೆವು. ಸರಪಳಿಯ ಕೊಂಡಿಗಳು ಕೂಡಿರುವ ರೀತಿ ಬೇರೆಯಾಗಿರುವುದೇ ಇದಕ್ಕೆ ಕಾರಣ. ಹುಲ್ಲಿನಿಂದ ಎಥನಾಲನ್ನು ಪಡೆಯುವ ಕಾರ್ಯದ ಕಷ್ಟವು ಇಲ್ಲಿಂದಲೇ ಮೊದಲಾಗುತ್ತದೆ.

ಪೆಟ್ರೋಲಿನೊಡನೆ ಬೆರೆಸುವ ಎಥನಾಲನ್ನು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಕಬ್ಬಿನಿಂದಲೂ ಧಾನ್ಯಗಳಿಂದಲೂ ತಯಾರಿಸುತ್ತಾರೆ. ಇವು ನೆಲವನ್ನೂ ನೀರನ್ನೂ ಬೇಡುವ ಆಹಾರದ ಬೆಳೆಗಳು. ಆದುದರಿಂದ ಕೊಯ್ಲಿನ ತರುವಾಯ ಉಳಿಯುವ ಹುಲ್ಲಿನ ಕಡೆಗೆ ವಿಜ್ಞಾನಿಗಳ ದೃಷ್ಟಿ ಹರಿದುದು ಸಹಜವಾಗಿದೆ.

ಹುಲ್ಲಿನಲ್ಲಿ ಸೆಲ್ಯುಲೋಸಿನ ಎಳೆಗಳನ್ನು ಹೆಮಿಸೆಲ್ಯುಲೋಸ್ ಸುತ್ತುವರಿದಿದೆ. ಲಿಗ್ನಿನ್ ಎಂಬ ವಸ್ತುವು ಇವೆರಡನ್ನೂ ಗಾರೆಯಂತೆ ಬಿಗಿದು ಹಿಡಿದಿದೆ. ಈ ಬಿಗಿತವನ್ನು ಸಡಿಲಿಸುವುದು ಮೊದಲ ಹಂತ. ಕತ್ತರಿಸಿದ ಹುಲ್ಲನ್ನು ಸಾರರಿಕ್ತ ಆಮ್ಲದೊಡನೆ ಹೆಚ್ಚಿನ ಒತ್ತಡದ ಹಬೆಯಲ್ಲಿ ಬೇಯಿಸುವುದು ಒಂದು ವಿಧಾನ. ಕಾವು ಮಿತಿಮೀರಿದರೆ ಸಕ್ಕರೆಯ ಒಂದಂಶವು ಫರ್‌ಫ್ಯುರಾಲ್ ಮುಂತಾದ ವಸ್ತುಗಳಾಗಿ ಮಾರ್ಪಟ್ಟು, ಮುಂದೆ ಹುದುಗಿಸುವ ಯೀಸ್ಟಿಗೆ ಬಾಧಕವಾಗುತ್ತದೆ.

ಸೆಲ್ಯುಲೋಸನ್ನು ಗ್ಲೂಕೋಸಾಗಿ ಒಡೆಯುವುದು ಎರಡನೆಯ ಹಂತ. ಫ್ರಾನ್ಸಿನ ಬ್ರಾಕೊನೊ 1819ರಲ್ಲಿ ನಾರುಬಟ್ಟೆಯ ಮೇಲೆ ಗಂಧಕಾಮ್ಲವನ್ನು ಪ್ರಯೋಗಿಸಿ ಸಕ್ಕರೆಯನ್ನು ಪಡೆದಿದ್ದನು. ಇಂದು ಈ ಕೆಲಸವನ್ನು ಹೆಚ್ಚಾಗಿ ಕಿಣ್ವಗಳಿಂದ ಮಾಡಿಸುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಪೆಸಿಫಿಕ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನ್ಯದ ಡೇರೆಗಳೂ ಬಟ್ಟೆಗಳೂ ಬೂಷ್ಟು ಹಿಡಿದು ನಾಶವಾಗುತ್ತಿದ್ದುವು. ಕಾರಣವನ್ನು ಹುಡುಕುತ್ತ ಹೋದವರಿಗೆ ಬೂಗೆನ್‌ವಿಲ್ ದ್ವೀಪದಲ್ಲಿ ಒಂದು ಶಿಲೀಂಧ್ರ ದೊರೆಯಿತು. ಟ್ರೈಕೋಡರ್ಮ ರೀಸಿ ಎಂದು ಹೆಸರಾದ ಇದರ ಸಂತತಿಯೇ ಇಂದು ಉದ್ಯಮಕ್ಕೆ ಬೇಕಾದ ಸೆಲ್ಯುಲೇಸ್ ಕಿಣ್ವದ ಮುಖ್ಯ ಆಕರವಾಗಿದೆ. ಬಟ್ಟೆಗೆ ಶತ್ರುವಾದುದು ಇಂಧನಕ್ಕೆ ಮಿತ್ರನಾಯಿತು.

ಮೂರನೆಯ ಹಂತದಲ್ಲಿ ಯೀಸ್ಟ್ ಗ್ಲೂಕೋಸನ್ನು ಎಥನಾಲಾಗಿ ಮಾರ್ಪಡಿಸುತ್ತದೆ. ಬಳಿಕ ಅದನ್ನು ಬಟ್ಟಿಯಿಳಿಸಿ, ಉಳಿದ ನೀರನ್ನು ತೆಗೆಯುತ್ತಾರೆ. ಆದರೆ ಹೆಮಿಸೆಲ್ಯುಲೋಸಿನಿಂದ ಬರುವ ಕ್ಸೈಲೋಸನ್ನು ಸಾಮಾನ್ಯ ಯೀಸ್ಟ್ ಹುದುಗಿಸಲಾರದು. ಅದಕ್ಕಾಗಿ ಮಾರ್ಪಡಿಸಿದ ತಳಿಗಳು ಬೇಕಾಗುತ್ತವೆ.

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ಟನ್ ಹುಲ್ಲಿನಲ್ಲಿ 350 ಕಿಲೋಗ್ರಾಂ ಸೆಲ್ಯುಲೋಸ್ ಇದೆಯೆಂದು ಭಾವಿಸಿದರೆ, ಅದು ನೀರನ್ನು ಕೂಡಿಕೊಂಡು ಸುಮಾರು 389 ಕಿಲೋಗ್ರಾಂ ಗ್ಲೂಕೋಸಾಗುತ್ತದೆ. 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಎಥನಾಲ್ ಬರುತ್ತದೆ. ಉಳಿದುದು ಇಂಗಾಲದ ಡೈಆಕ್ಸೈಡಾಗಿ ಹೋಗುತ್ತದೆ. ಹೀಗೆ ಆ ಸೆಲ್ಯುಲೋಸೊಂದರಿಂದಲೇ ಹೆಚ್ಚೆಂದರೆ 250 ಲೀಟರ್ ಎಥನಾಲ್ ದೊರೆಯಬೇಕು. ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಸ್ಥಾಪಿಸಿ, 2022ರ ಆಗಸ್ಟಿನಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಕಾರ್ಖಾನೆಯು ವರ್ಷಕ್ಕೆ ಸುಮಾರು 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲನ್ನು ತಯಾರಿಸುವ ಉದ್ದೇಶದಿಂದ ರಚಿತವಾದುದು. ಅಂದರೆ ಟನ್ನಿಗೆ 150 ಲೀಟರ್. ಕಾಗದದ ಲೆಕ್ಕಕ್ಕೂ ಕಾರ್ಖಾನೆಯ ಲೆಕ್ಕಕ್ಕೂ ನಡುವೆ ಇರುವ ಈ ಅಂತರವೇ ಸಂಶೋಧನೆಯ ಕ್ಷೇತ್ರ.

ಕೊನೆಯದಾಗಿ, ಹುಲ್ಲನ್ನು ಕಸವೆಂದು ಕರೆಯುವ ಮುನ್ನ ಯಾವ ಊರಿನ ಹುಲ್ಲು ಎಂದು ವಿಚಾರಿಸಬೇಕು. ಪಂಜಾಬ್ ಹರಿಯಾಣಗಳಲ್ಲಿ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಕೆಲವೇ ವಾರಗಳ ಬಿಡುವು. ಯಂತ್ರವು ಕೊಯ್ದು ಉಳಿಸಿದ ಹುಲ್ಲಿಗೆ ಅಲ್ಲಿ ರೈತರು ಬೆಂಕಿಯಿಡುತ್ತ ಬಂದಿದ್ದಾರೆ. ಅದನ್ನು ಇಂಧನವಾಗಿಸಿದರೆ ಗಾಳಿಗೂ ಲಾಭ, ರೈತನಿಗೂ ಲಾಭ. ನಮ್ಮ ಬಯಲುಸೀಮೆಯ ರಾಗಿಯ ಹುಲ್ಲಾದರೋ ಬಣವೆಯಲ್ಲಿ ಕಾದಿದ್ದು, ಬೇಸಿಗೆಯಲ್ಲಿ ದನಗಳ ಪ್ರಾಣವನ್ನುಳಿಸುತ್ತದೆ. ಅದು ಕಸವಲ್ಲ, ಮೇವು. ಅಣುವಿನ ಕೊಂಡಿಯನ್ನು ಬಿಡಿಸುವವರು ಈ ಕೊಂಡಿಯನ್ನೂ ಗಮನದಲ್ಲಿಟ್ಟುಕೊಳ್ಳುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.